ನಮ್ಮೂರ ನೆನಪನ್ನು ಕೂಡಿ ಕಾಯೋಣ



ಹಿರಿಯರಿಂದ ನಮಗೆ ಬಂದ ಆಸ್ತಿಯೆಂದರೆ ಹೊಲ, ಮನೆ, ಒಡವೆ ಮಾತ್ರವಲ್ಲ. ಊರಿನ ಬಾವಿ, ಕಮಾನು, ಗೋರಿ, ಕಸುಬು, ಅವುಗಳ ಸುತ್ತ ಹೆಣೆದುಕೊಂಡ ನೆನಪು ಇವೆಲ್ಲವೂ ಆಸ್ತಿಯೇ. ಹೊಲಕ್ಕೆ ಪಹಣಿ ಇದೆ. ಈ ಆಸ್ತಿಗೆ ಪಹಣಿ ಯಾವುದು?

ಬೀದರ್ ನಗರ ಬೆಳೆಯುತ್ತ ಚಿದ್ರಿ, ನೌಬಾದ್‌ಗಳಂಥ ಊರುಗಳನ್ನು ತನ್ನೊಡನೆ ಬೆಸೆದುಕೊಂಡಿದೆ. ನೌಬಾದಿನ ನೆಲದಡಿಯಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಇದನ್ನು ಸುರಂಗ ಬಾವಿ ಎಂದೂ ಕರೆಯುತ್ತೇವೆ. ಈ ವಿದ್ಯೆ ಪರ್ಷಿಯಾದಿಂದ ಬಂದದ್ದು. ಜಂಬಿಟ್ಟಿಗೆ ನೆಲದಲ್ಲಿ ಇಂಗಿದ ಮಳೆನೀರನ್ನು ನೆಲದಡಿಯ ಕಾಲುವೆಯೊಂದು ಇಳಿಜಾರಿನಲ್ಲಿ ತಾನಾಗಿಯೇ ಹರಿಸಿ ತರುತ್ತದೆ. ಗಾಳಿ, ಬೆಳಕಿಗೆಂದು ಮತ್ತು ಹೂಳೆತ್ತಲೆಂದು ನಡುನಡುವೆ ಬಾವಿಯಂಥ ಕಿಂಡಿಗಳಿವೆ. ತಿಳಿಯದವರ ಕಣ್ಣಿಗೆ ಇಂಥ ಕಿಂಡಿ ಬರಿಯ ಹಾಳುಬಾವಿ. ಅದರಲ್ಲಿ ಕಸ ತುಂಬಿದರೆ, ಮೇಲೆ ಕಟ್ಟಡ ಎದ್ದರೆ, ಕೆಡುವುದು ಒಂದು ಕಿಂಡಿಯಲ್ಲ, ಇಡೀ ಜಲಮಾರ್ಗ.

ಕೇರಳದ ಭೂಗೋಳ ಅಧ್ಯಾಪಕರಾದ ವಿ. ಗೋವಿಂದನ್‌ಕುಟ್ಟಿಯವರು ಈ ಕಿಂಡಿಗಳನ್ನು ಗುರುತಿಸಿ ನಕ್ಷೆ ಮಾಡಿದರು. ಬೀದರಿನ ಟೀಮ್ ಯುವಾ ಬಳಗದವರೂ ಶ್ರಮಿಸಿದರು. 2010ರ ದಶಕದಲ್ಲಿ ಹೂಳೆತ್ತುವ ಕೆಲಸವೂ ನಡೆಯಿತು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯು ಗಮನ ಬೇಕಾದ ತಾಣಗಳ ತನ್ನ ಪಟ್ಟಿಗೆ ಬೀದರ್ ನಗರವನ್ನು ಸೇರಿಸಿತು. ಇದರಿಂದ ನಾವು ಕಲಿಯುವುದಿಷ್ಟು: ಗುರುತಾದದ್ದಕ್ಕೆ ಕಾಯುವವರು ಸಿಗುತ್ತಾರೆ, ಗುರುತಿಲ್ಲದ್ದು ಸದ್ದಿಲ್ಲದೆ ಮಣ್ಣಾಗುತ್ತದೆ.

ಗುರುತಿಸುವ ಕೆಲಸಕ್ಕೆ ಇಂದು ಪಂಡಿತರೇ ಬೇಕೆಂದಿಲ್ಲ. ಅಂತರಜಾಲದಲ್ಲಿ ಎಲ್ಲರೂ ಸೇರಿ ಕಟ್ಟುವ ಮೂರು ಸಾಧನಗಳಿವೆ. ಮೊದಲನೆಯದು 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್. ಈ ನಕ್ಷೆಯಲ್ಲಿ ಬಾವಿ, ಗುಮ್ಮಟ, ಹಳೆಯ ದಾರಿಗಳನ್ನು ನಾವೇ ಗುರುತಿಸಬಹುದು. ಎರಡನೆಯದು ಅದೇ ವರ್ಷ ತೆರೆದ ವಿಕಿಮೀಡಿಯ ಕಾಮನ್ಸ್. ಇದು ಚಿತ್ರ ಮತ್ತು ಧ್ವನಿಗಳ ಭಂಡಾರ. ಮೂರನೆಯದು 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಬಹುದು. ಪ್ರತಿಯೊಂದು ಬದಲಾವಣೆಯೂ ಇತಿಹಾಸ ಪುಟದಲ್ಲಿ ಉಳಿಯುವುದರಿಂದ, ಯಾರಾದರೂ ಕೆಡಿಸಿದರೆ ಹಿಂದಿನದನ್ನು ಮರಳಿ ತರಬಹುದು.

ಕೆಲವು ನಿಯಮಗಳನ್ನು ಮಾತ್ರ ಮರೆಯಬಾರದು. ಕಾಮನ್ಸ್‌ಗೆ ಹಾಕುವ ಚಿತ್ರ ನಾವೇ ತೆಗೆದದ್ದಾಗಿರಬೇಕು. ಬೇರೆಯವರದಾದರೆ ಹಕ್ಕುಳ್ಳವರು ಎಲ್ಲರ ಮುಕ್ತ ಬಳಕೆಗೆ ಒಪ್ಪಿರಬೇಕು. ಪತ್ರಿಕೆಯ ಚಿತ್ರವನ್ನು ಎತ್ತಿ ಹಾಕುವಂತಿಲ್ಲ. ವಿಕಿಪೀಡಿಯದಲ್ಲಿ ಬರೆಯುವ ಮಾತಿಗೆ ಅಚ್ಚಾದ ಆಧಾರ ಬೇಕು. ಬೀದರಿನ ಸ್ಮಾರಕಗಳ ಬಗ್ಗೆ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಇಂಥದೊಂದು ಆಧಾರ. ಅಜ್ಜಿ ಹೇಳಿದ್ದೇ ಆಧಾರವೆಂದು ಅಲ್ಲಿ ಬರೆಯಲಾಗದು. ಹಾಗೆಂದು ಅಜ್ಜಿಯ ಮಾತಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ದನಿಮುದ್ರಣ ಮಾಡೋಣ. ಯಾವ ಊರು, ಯಾವ ದಿನ ಎಂದು ಬರೆದಿಡೋಣ. ಬಿದರಿ ಕಸುಬಿಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೆ ಸತು, ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಕೈಹದ ಕಸುಬುದಾರರ ಬಾಯಿಂದಲೇ ದಾಖಲಾಗಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಒಂದೇ ಚಿತ್ರಕ್ಕೆ ಈ ನಾಲ್ಕೂ ಭಾಷೆಗಳಲ್ಲಿ ವಿವರಣೆ ಕೊಡಬಹುದು.

ಎಲ್ಲವನ್ನೂ ಬಯಲಿಗಿಡುವುದು ಮಾತ್ರ ಸೇವೆಯಲ್ಲ. ಧರ್ಮಕೇಂದ್ರದ ಜ್ಞಾನಸ್ನಾನ, ವಿವಾಹ ದಾಖಲೆಗಳು ಕುಟುಂಬಗಳ ಖಾಸಗಿ ವಿಷಯ. ಅವು ಗುರುಗಳ ವಶದಲ್ಲೇ ಭದ್ರವಾಗಿರಲಿ. ಬೀದರಿನಲ್ಲಿ ವಾಯುಪಡೆಯ ನೆಲೆಯಿರುವುದರಿಂದ ಆ ಕಡೆ ಕ್ಯಾಮೆರಾ ತಿರುಗಿಸದಿರುವ ಎಚ್ಚರವೂ ಬೇಕು. ಹಾಳು ಸುರಂಗಗಳೊಳಗೆ ಮಕ್ಕಳನ್ನು ಇಳಿಸಲೇಬಾರದು.

ಹಾಗಾದರೆ ಎಲ್ಲಿಂದ ಆರಂಭಿಸೋಣ? ಒಂದು ಭಾನುವಾರ ಮಧ್ಯಾಹ್ನ ಸಾಕು. ಯುವಕರ ಕೈಯಲ್ಲಿ ಮೊಬೈಲ್ ಇದೆ, ಹಿರಿಯರ ಬಳಿ ನೆನಪಿದೆ, ಶಿಕ್ಷಕರಿಗೆ ತಿದ್ದುವ ಕಣ್ಣಿದೆ. ಮೂವರೂ ಕೂಡಿ ತಮ್ಮ ಓಣಿಯ ಹಳೆಯ ಬಾವಿಯೊಂದರ ಬಳಿಗೆ ಹೋಗಲಿ. ಅದರ ಹೆಸರು ಕೇಳಿ, ಚಿತ್ರ ತೆಗೆದು, ನಕ್ಷೆಯಲ್ಲಿ ಒಂದು ಚುಕ್ಕೆ ಇಡಲಿ. ಆ ಹೆಸರು ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಈ ಕೆಲಸವಾಗಲಿ.