56ರವರೆಗೆ ನಂಬರು, ಇರುವುದು 54

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಎಂಬ ಮನೋವಿಜ್ಞಾನಿಗಳ ಸಂಘದಲ್ಲಿ ಪರಿಚಯ ಹೇಳಿಕೊಳ್ಳುವುದೇ ನಂಬರಿನಲ್ಲಿ. ‘ನಾನು ಡಿವಿಜನ್ 17’ ಎಂದರೆ ಆಪ್ತಸಮಾಲೋಚನೆಯವರು, ‘12’ ಎಂದರೆ ಕ್ಲಿನಿಕಲ್‌ನವರು, ‘2’ ಎಂದರೆ ಮನೋವಿಜ್ಞಾನ ಪಾಠ ಹೇಳುವ ಮೇಷ್ಟ್ರುಗಳು. ಕೊನೆಯ ನಂಬರು 56, ಅದು ಆಘಾತ ಮನೋವಿಜ್ಞಾನದ್ದು. ಆದರೆ ಎಣಿಸುತ್ತ ಹೋದರೆ ಸಿಗುವುದು 54 ವಿಭಾಗ ಮಾತ್ರ. 4 ಮತ್ತು 11 ಪಟ್ಟಿಯಲ್ಲೇ ಇಲ್ಲ. ಯಾಕೆ ಇಲ್ಲವೆಂದು ಕೇಳಿದರೆ ಸಂಘದ ಅರ್ಧ ಚರಿತ್ರೆ ಹೇಳಬೇಕಾಗುತ್ತದೆ.

1892ರ ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಜಿ. ಸ್ಟಾನ್ಲಿ ಹಾಲ್ ಮುಂದಾಳತ್ವದಲ್ಲಿ ಸಂಘ ಶುರುವಾದಾಗ ಸದಸ್ಯರು ಕೇವಲ 31. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಮಾತಾಡುವಷ್ಟು ಜನ. ವಿಭಾಗದ ಮಾತೇ ಬರಲಿಲ್ಲ. ಕ್ರಮೇಣ ಸಂಘ ಪ್ರಯೋಗಾಲಯದ ಪ್ರೊಫೆಸರುಗಳದ್ದಾಯಿತು. ಆಸ್ಪತ್ರೆ, ಶಾಲೆ, ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಿದ್ದ ಮನೋವಿಜ್ಞಾನಿಗಳಿಗೆ ಅಲ್ಲಿ ತಮ್ಮ ಮಾತು ನಡೆಯುವುದಿಲ್ಲ ಅನ್ನಿಸಿತು. 1930ರ ದಶಕದ ಕೊನೆಗೆ ಅವರು ಅನ್ವಯಿಕ ಮನೋವಿಜ್ಞಾನದ್ದೇ ಬೇರೊಂದು ಸಂಘ ಕಟ್ಟಿಕೊಂಡರು.

ಅವರನ್ನು ಮತ್ತೆ ಒಂದುಗೂಡಿಸಿದ್ದು ಎರಡನೇ ಮಹಾಯುದ್ಧ. ಸೈನಿಕರ ಆಯ್ಕೆ, ತರಬೇತಿ, ಚಿಕಿತ್ಸೆ ಎಲ್ಲಕ್ಕೂ ಮನೋವಿಜ್ಞಾನಿಗಳು ಬೇಕಾಗಿದ್ದಾಗ, ಸರ್ಕಾರದ ಮುಂದೆ ನಾಲ್ಕು ಸಂಘಗಳು ನಾಲ್ಕು ಮಾತಾಡಿದರೆ ಕೇಳುವವರಾರು? ಮೊದಲ ಮಹಾಯುದ್ಧದಲ್ಲಿ ಸೈನ್ಯದ ಬುದ್ಧಿಮಾಪನ ಪರೀಕ್ಷೆಗಳನ್ನು ನಡೆಸಿದ್ದ ರಾಬರ್ಟ್ ಯರ್ಕ್ಸ್ ರಾಜಿ ಮಾತುಕತೆಗೆ ಮುಂದಾದರು. 1945ರಲ್ಲಿ ಹೊಸ ಸಂವಿಧಾನದಡಿ ಎರಡೂ ಸಂಘಗಳು ಕೂಡಿದವು. ಪ್ರತಿ ಒಲವಿನವರಿಗೂ ಅವರದೇ ವಿಭಾಗ, ಅವರದೇ ಪದಾಧಿಕಾರಿಗಳು, ಆಡಳಿತ ಕೌನ್ಸಿಲ್‌ನಲ್ಲಿ ಅವರ ಪ್ರತಿನಿಧಿಗಳು ಎಂಬುದೇ ಕೂಡುವಿಕೆಯ ಷರತ್ತು. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರೂ ತೊಟ್ಟಿಮನೆ ಬಿಡದ ಹಾಗೆ.

ಆಗ 19 ವಿಭಾಗಗಳ ಯೋಜನೆ ಸಿದ್ಧವಾಗಿತ್ತು. ನಾಲ್ಕನೆಯದು ಸೈಕೋಮೆಟ್ರಿಕ್ ಸೊಸೈಟಿಗೆಂದು ಮೀಸಲು. ಮನೋಮಾಪನದ ಆ ಗಣಿತಪ್ರಿಯರು ಕೊನೆಗೆ ಬರುವುದಿಲ್ಲ ಎಂದುಬಿಟ್ಟರು. ಹನ್ನೊಂದನೆಯದಾದ ಅಪಸಾಮಾನ್ಯ ಮನೋವಿಜ್ಞಾನ ಮತ್ತು ಮನೋಚಿಕಿತ್ಸೆ ವಿಭಾಗ ಪಕ್ಕದ 12ರಲ್ಲಿ ವಿಲೀನವಾಯಿತು. ಆ ಎರಡು ನಂಬರುಗಳನ್ನು ಆಮೇಲೆ ಯಾರಿಗೂ ಕೊಟ್ಟಿಲ್ಲ.

ಹೊಸ ವಿಭಾಗ ಬೇಕೆಂದರೆ ಸಂಘದ ಸದಸ್ಯರಲ್ಲಿ ಶೇ 1ರಷ್ಟು ಮಂದಿ ಸಹಿ ಹಾಕಿ ಅರ್ಜಿ ಕೊಡಬೇಕು, ಕೌನ್ಸಿಲ್ ಒಪ್ಪಬೇಕು. ಹೊಸಬರಿಂದ ಹಳೆಯ ವಿಭಾಗಕ್ಕೆ ಧಕ್ಕೆಯಾಗಬಾರದು ಎಂಬ ನಿಯಮವೂ ಇದೆ. ನಿಜವಾದ ಜಗಳ ಹುಟ್ಟುವುದು ಇಲ್ಲೇ ಎಂದು ಬೇರೆ ಹೇಳಬೇಕಿಲ್ಲ. ಇನ್ನೊಂದು ದಾರಿ ನಿಧಾನದ್ದು: ದೊಡ್ಡ ವಿಭಾಗವೊಂದರ ಒಳಗೆ ಉಪವಿಭಾಗವಾಗಿ ಬೆಳೆದು ಹೊರಬರುವುದು. ಮಕ್ಕಳ ಕ್ಲಿನಿಕಲ್ ಮನೋವಿಜ್ಞಾನದವರು 12ರ ಒಳಗೆ ವರ್ಷಗಟ್ಟಲೆ ಇದ್ದು 53 ಆದದ್ದು ಹೀಗೆ.

ಕೆಲವು ವಿಭಾಗಗಳ ಹಿಂದೆ ಹೋರಾಟವೇ ಇದೆ. ಮಹಿಳಾ ಮನೋವಿಜ್ಞಾನಿಗಳ ಚಳವಳಿಯ ಫಲವಾಗಿ 1973ರಲ್ಲಿ 35ನೇ ವಿಭಾಗ ಬಂತು. 1979ರಲ್ಲಿ ಹುಟ್ಟಿದ 39 ಮನೋವಿಶ್ಲೇಷಣೆಯದು. ಆ ಕಾಲಕ್ಕೆ ಅಮೆರಿಕದ ಪ್ರಮುಖ ಮನೋವಿಶ್ಲೇಷಣಾ ತರಬೇತಿ ಕೇಂದ್ರಗಳು ವೈದ್ಯರಿಗಷ್ಟೇ ಬಾಗಿಲು ತೆರೆಯುತ್ತಿದ್ದವು, ಎಂ.ಡಿ. ಇಲ್ಲದ ಮನೋವಿಜ್ಞಾನಿಗೆ ಪ್ರವೇಶ ಕಷ್ಟವಿತ್ತು. 1985ರಲ್ಲಿ ಕೆಲವು ಮನೋವಿಜ್ಞಾನಿಗಳು ಕೋರ್ಟಿನ ಮೆಟ್ಟಿಲೇರಿದಾಗ ಬೆನ್ನಿಗೆ ನಿಂತದ್ದು ಈ ವಿಭಾಗದವರು. ಪ್ರಕರಣ ರಾಜಿಯಲ್ಲಿ ಮುಗಿದು ಬಾಗಿಲು ತೆರೆಯಿತು. ಪತ್ರಿಕೆ ತರುವುದು, ಬಹುಮಾನ ಕೊಡುವುದು ಎಲ್ಲ ಸಂಘಗಳೂ ಮಾಡುವ ಕೆಲಸ. ವಿಭಾಗವೊಂದು ತನ್ನವರಿಗಾಗಿ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ವಿಭಾಗಗಳಿಗೆ ಇರುವ ಅಧಿಕಾರ ಸಣ್ಣದೇನಲ್ಲ. ವಾರ್ಷಿಕ ಸಮ್ಮೇಳನದ ಗೋಷ್ಠಿಗಳ ವೇಳೆ ಹಂಚಿಕೆಯಾಗುವುದು ವಿಭಾಗವಾರು. ಸಂಘದ ‘ಫೆಲೋ’ ಗೌರವಕ್ಕೆ ಹೆಸರು ಹೋಗಬೇಕಾದದ್ದೂ ವಿಭಾಗದ ಮೂಲಕವೇ. ಕೌನ್ಸಿಲ್ ಸ್ಥಾನಗಳ ಹಂಚಿಕೆಗೆ ಪ್ರತಿ ಸದಸ್ಯನಿಗೆ 10 ಮತಗಳಿದ್ದು, ಅವನ್ನು ಒಂದೇ ವಿಭಾಗಕ್ಕೆ ಸುರಿಯಬಹುದು, ಹಲವಕ್ಕೆ ಹಂಚಲೂಬಹುದು. ಮಿಲಿಟರಿ ಮನೋವಿಜ್ಞಾನದ 19 ಮತ್ತು ಶಾಂತಿ ಅಧ್ಯಯನದ 48 ಒಂದೇ ಕೌನ್ಸಿಲ್‌ನಲ್ಲಿ ಕೂರುವುದು ಹೀಗಾಗಿ.

ಆದರೆ ಈ ಏರ್ಪಾಡು ಎಲ್ಲ ಒಡಕನ್ನೂ ತಡೆಯಲಿಲ್ಲ. ಚಿಕಿತ್ಸಕರ ಸಂಖ್ಯೆ ಏರುತ್ತ ಹೋದಂತೆ ಈ ಬಾರಿ ಮೂಲೆಗೆ ಸರಿದದ್ದು ಸಂಶೋಧಕರು. ಸಂಘದ ಪುನಾರಚನೆಯ ಪ್ರಸ್ತಾವ ಸದಸ್ಯರ ಮತದಾನದಲ್ಲಿ ಬಿದ್ದುಹೋದಾಗ, 1988ರಲ್ಲಿ ಅವರಲ್ಲಿ ಅನೇಕರು ಹೊರನಡೆದು ಬೇರೆ ಸಂಘ ಕಟ್ಟಿದರು. ಈಗಿನ ಅಸೋಸಿಯೇಷನ್ ಫಾರ್ ಸೈಕಲಾಜಿಕಲ್ ಸೈನ್ಸ್ ಅದೇ. ವಿಭಾಗಗಳು ಸಣ್ಣ ಗುಂಪಿಗೆ ದನಿ ಕೊಟ್ಟವು, ಬಹುಮತಕ್ಕೆ ಮಾತ್ರ ಕಡಿವಾಣ ಹಾಕಲಾರದೆ ಹೋದವು.

ನಮ್ಮಲ್ಲಿ ಮನೋವಿಜ್ಞಾನ ಓದುತ್ತಿರುವವರಿಗೆ, ಅಮೆರಿಕದಲ್ಲಿ ಓದುತ್ತಿರುವ ಕನ್ನಡದ ಮಕ್ಕಳಿಗೆ ಒಂದು ಮಾತು. ಹಲವು ವಿಭಾಗಗಳು ಮೂಲ ಸಂಘದ ಸದಸ್ಯತ್ವವಿಲ್ಲದವರನ್ನೂ ಸೇರಿಸಿಕೊಳ್ಳುತ್ತವೆ. ಶುಲ್ಕ ಪ್ರತ್ಯೇಕ, ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಸಾಮಾನ್ಯ. ಹೆಸರಿನ ಮುಂದೆ ಹಾಕಿಕೊಳ್ಳಲೆಂದು ನಾಲ್ಕೈದಕ್ಕೆ ಸೇರುವುದು ಬೇಡ. ಒಂದಕ್ಕೇ ಸೇರಿ, ಅದರ ಯಾವುದಾದರೂ ಸಮಿತಿಯಲ್ಲಿ ಕೆಲಸ ಕೇಳಿ ಪಡೆಯಿರಿ.