ಹೊಳೆಯ ನಡುವೆ ನಿಂತ ಮೋಟಾರು

ಹೂವಿನಹಡಗಲಿಯ ಹೆಸರಿನಲ್ಲಿಯೇ ಒಂದು ಹಡಗಿದೆ. ಇಲ್ಲಿಯ ಹೂವುಗಳನ್ನು ಹಡಗಿನಲ್ಲಿ ತುಂಬಿ ತುಂಗಭದ್ರೆಯ ಮೂಲಕ ವಿಜಯನಗರಕ್ಕೆ ಕಳುಹಿಸುತ್ತಿದ್ದರೆಂದೂ ಅದರಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಜನರ ಪ್ರತೀತಿ. ಹಡಗಲಿಯ ಆಚೆಯ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಚೌಡಯ್ಯದಾನಪುರವು ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತು ನಿಂತಿದೆ. ದೋಣಿಯ ನೆನಪು ನಮ್ಮ ಸೀಮೆಗೆ ಹೊಸದಲ್ಲ. ಆದರೂ ತೆಲಿಗಿಯಿಂದ ಕೂಡ್ಲಿಗಿಯವರೆಗಿನ ಈ ಬಯಲಿನಲ್ಲಿ, ಜೋಳ, ಶೇಂಗಾಗಳ ನಡುವೆ ಮುಗಿಲು ನೋಡುತ್ತ ಬಾಳುವ ನಮಗೆ, ದೋಣಿಯ ಮೋಟಾರಿನ ಬೇನೆಗಳ ವಿಚಾರವೇಕೆ ಎಂದು ವಾಚಕರು ಕೇಳಬಹುದು.

ಉತ್ತರವನ್ನು ಹೊಳೆಯೇ ಹೇಳುತ್ತದೆ. ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಪಡುವಣ ಎಲ್ಲೆ ತುಂಗಭದ್ರೆ. ಮಳೆ ಸುರಿಯುವುದು ಮಲೆನಾಡಿನಲ್ಲಿ. ಹೊಳೆ ಉಕ್ಕುವುದು ನಮ್ಮಲ್ಲಿ. ನಮ್ಮ ಹೊಲ ಒಣಗುತ್ತಿರುವ ದಿನವೇ ದಂಡೆಯ ಊರುಗಳ ಗದ್ದೆ ಮುಳುಗುತ್ತಿರುವುದುಂಟು. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ನೆರೆಯಿಂದ ತತ್ತರಿಸಿತು. 2019ರ ಆಗಸ್ಟಿನಲ್ಲಿ ಹಂಪಿಯ ಆಚೆಯ ವಿರುಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ದೋಣಿಗಳಿಂದಲೂ ಹೆಲಿಕಾಪ್ಟರುಗಳಿಂದಲೂ ಹೊರತರಬೇಕಾಯಿತು. ಅಂಥ ದಿನಗಳಲ್ಲಿ ಹರಿಗೋಲು ನಿಲ್ಲಲಾರದು. ಹುಟ್ಟು ಹಾಕುವ ತೋಳು ಎಷ್ಟೇ ಬಲಿಷ್ಠವಾಗಿದ್ದರೂ ಕೆಂಪು ನೀರಿನ ಸೆಳವಿಗೆ ಎದುರಾಗಲಾರದು. ಆಗ ನೆರವಾಗುವುದು ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಸಿದ ಔಟ್‌ಬೋರ್ಡ್ ಮೋಟಾರು. ಅದು ನಡುಹೊಳೆಯಲ್ಲಿ ನಿಂತಿತೆಂದರೆ ದೋಣಿ ಮರದ ತುಂಡಿನಂತೆ ನೀರು ಒಯ್ದತ್ತ ಹೋಗುತ್ತದೆ.

ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಇಂಥ ಮೋಟಾರನ್ನು ಮಾರುಕಟ್ಟೆಗೆ ತಂದ. ಕೆಲಸ ಮುಗಿದೊಡನೆ ಕಳಚಿ ಹೆಗಲ ಮೇಲೆ ಹೊತ್ತು ಒಯ್ಯಬಹುದಾದ ಈ ಯಂತ್ರದ ಗುಣವೂ ಅದೇ, ದೋಷವೂ ಅದೇ. ಕಳಚಿ ಇಟ್ಟದ್ದನ್ನು ಮರೆಯುವುದು ಸುಲಭ.

ಕರಾವಳಿಯ ಮೀನುಗಾರರಿಗೆ ಹೀಗೆ ಮರೆಯುವ ಅವಕಾಶವಿಲ್ಲ. ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗಲೂ 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಕರ್ನಾಟಕದಲ್ಲಿ ವಿನಾಯಿತಿಯುಂಟು. ಅವುಗಳಲ್ಲಿ ಅನೇಕ ಮೋಟಾರುಗಳು ಸೀಮೆಎಣ್ಣೆಯಿಂದ ನಡೆಯುವಂಥವು. ಪೆಟ್ರೋಲಿನಿಂದ ಚಾಲೂ ಮಾಡಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಹೊರಳಿಸುತ್ತಾರೆ. ದಡ ಸೇರುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ ನಿಲ್ಲಿಸುತ್ತಾರೆ. ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿನ ಮೋಟಾರು ಸುಲಭವಾಗಿ ಏಳದು. ದಿನವೂ ಹೊಟ್ಟೆ ಹೊರೆಯುವ ಯಂತ್ರವಾದುದರಿಂದ ಅದರ ಹಸಿವು ಬಾಯಾರಿಕೆಗಳೆಲ್ಲ ಅವರಿಗೆ ಕರತಲಾಮಲಕ. ನಮ್ಮ ಕಡೆಯ ನೆರೆದೋಣಿಯ ಬದುಕು ಬೇರೆ. ಹನ್ನೊಂದು ತಿಂಗಳು ಅದು ನಿದ್ರಿಸುತ್ತದೆ. ಒಂದು ರಾತ್ರಿ ಹಠಾತ್ತನೆ ಅದನ್ನು ಎಬ್ಬಿಸುತ್ತೇವೆ. ಎಬ್ಬಿಸಿದಾಗ ಏಳದಿದ್ದರೆ ಯಂತ್ರವನ್ನು ಶಪಿಸುತ್ತೇವೆ.

ಅನೇಕ ವೇಳೆ ಕೆಟ್ಟಿರುವುದು ಯಂತ್ರವಲ್ಲ, ಅದರೊಳಗೆ ಇಂಧನ ಸಾಗುವ ದಾರಿ. ಆ ದಾರಿ ಬಹಳ ಉದ್ದವೇನಲ್ಲ. ದೋಣಿಯೊಳಗಿನ ಟ್ಯಾಂಕಿನಿಂದ ಒಂದು ರಬ್ಬರ್ ಕೊಳವೆ ಹೊರಡುತ್ತದೆ. ಅದರ ನಡುವೆ ಕೈಯಿಂದ ಹಿಚುಕುವ ಒಂದು ರಬ್ಬರ್ ಉಂಡೆ. ಇಂಧನ ಹಿಂದಕ್ಕೆ ಹರಿಯದಂತೆ ಅದರೊಳಗೆ ಕವಾಟಗಳಿವೆ, ಮೇಲೆ ದಿಕ್ಕು ತೋರುವ ಬಾಣದ ಗುರುತು. ಮುಂದೆ ಸೋಸುವ ಫಿಲ್ಟರು, ತೆಳು ಪೊರೆಯ ಮಿಡಿತದಿಂದ ಇಂಧನವನ್ನು ಸೆಳೆಯುವ ಪಂಪು, ಕೊನೆಗೆ ಇಂಧನವನ್ನೂ ಗಾಳಿಯನ್ನೂ ಬೆರೆಸುವ ಕಾರ್ಬೊರೇಟರು. ಇದು ಹಳೆಯ ಮಾದರಿಯ ಸಣ್ಣ ಮೋಟಾರುಗಳ ಕ್ರಮ.

ಪರೀಕ್ಷಿಸುವವನು ಮೊದಲು ತಿಳಿಯಬೇಕಾದುದು ಬೇನೆ ಇಂಧನದ್ದೋ ಕಿಡಿಯದ್ದೋ ಎಂಬುದನ್ನು. ನಿಲುಗಡೆಯ ಹಗ್ಗ ಅದರ ಗುಂಡಿಯಿಂದ ಕಳಚಿದೆಯೇ ಎಂದು ನೋಡಿ, ಹಲವು ಬಾರಿ ಎಳೆದ ಬಳಿಕ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿದರೆ ಸುಳಿವು ಸಿಗುತ್ತದೆ. ಪ್ಲಗ್ಗು ಒದ್ದೆಯಾಗಿದ್ದರೆ ಇಂಧನ ಬಂದು ಮುಟ್ಟಿದೆ; ತಪ್ಪನ್ನು ಕಿಡಿಯಲ್ಲಿ ಹುಡುಕಬೇಕು. ಒಣಗಿದ್ದರೆ ದಾರಿಯಲ್ಲೆಲ್ಲೋ ತಡೆಯಿದೆ. ಆಗ ಹುಡುಕಾಟವನ್ನು ಮೂಲದಿಂದ ಆರಂಭಿಸಬೇಕು. ಅವಸರದವನು ನೇರವಾಗಿ ಕಾರ್ಬೊರೇಟರಿಗೆ ಕೈಹಾಕುತ್ತಾನೆ. ಬಲ್ಲವನು ಟ್ಯಾಂಕಿನ ಮುಚ್ಚಳದಿಂದ ಹೊರಡುತ್ತಾನೆ.

ಆ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತಿರುಪಿದೆ. ಸಾಗಿಸುವಾಗ ಅದನ್ನು ಮುಚ್ಚುತ್ತಾರೆ. ಓಡಿಸುವಾಗ ತೆರೆಯುವುದನ್ನು ಮರೆಯುತ್ತಾರೆ. ಇಂಧನ ಹೊರಹೋದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿಯುತ್ತದೆ. ಕೆಲವು ನಿಮಿಷ ಚೆನ್ನಾಗಿ ಓಡಿದ ಮೋಟಾರು ಸರಿಯಾಗಿ ನಡುಹೊಳೆಯಲ್ಲಿ ಉಸಿರು ಬಿಡುತ್ತದೆ. ಮುಚ್ಚಳವನ್ನು ಸಡಿಲಿಸಿದೊಡನೆ ಸುಯ್ಯೆಂದು ಗಾಳಿ ಒಳನುಗ್ಗಿ, ಅನಂತರ ಮೋಟಾರು ಎದ್ದರೆ ರೋಗವೂ ತಿಳಿಯಿತು, ಮದ್ದೂ ಆಯಿತು.

ಅಲ್ಲಿ ತಪ್ಪಿಲ್ಲದಿದ್ದರೆ ಮುಂದಿನ ಸಾಕ್ಷಿ ಆ ರಬ್ಬರ್ ಉಂಡೆ. ವೈದ್ಯನಿಗೆ ನಾಡಿಯಿದ್ದಂತೆ ಅದು. ಎಷ್ಟು ಹಿಚುಕಿದರೂ ಅದು ಬಿಗಿಯಾಗದಿದ್ದರೆ ಟ್ಯಾಂಕು ಬರಿದಾಗಿರಬೇಕು, ಕೊಳವೆಯ ಬಿರುಕಿನಿಂದಲೋ ಜೋಡಣೆಯಿಂದಲೋ ಗಾಳಿ ನುಸುಳುತ್ತಿರಬೇಕು, ಇಲ್ಲವೆ ಒಳಗಿನ ಕವಾಟ ಸೋತಿರಬೇಕು. ಓಡುತ್ತಿರುವಾಗಲೇ ಅದು ಚಪ್ಪಟೆಯಾಗಿ ಸೊರಗಿದರೆ ತಡೆ ಅದರ ಹಿಂದೆ, ಟ್ಯಾಂಕಿನ ಕಡೆಗಿದೆ. ಕಲ್ಲಿನಂತೆ ಬಿಗಿಯಾಗಿದ್ದೂ ಮೋಟಾರು ಬಾಯಾರಿ ನಿಂತರೆ ತಡೆ ಅದರ ಮುಂದೆ, ಫಿಲ್ಟರಿನಲ್ಲೋ ಕಾರ್ಬೊರೇಟರಿನಲ್ಲೋ ಇದೆ. ಹಿಚುಕುತ್ತಿರುವಷ್ಟು ಹೊತ್ತು ಓಡಿ, ಕೈಬಿಟ್ಟೊಡನೆ ನಿಂತರೆ ಪಂಪಿನ ಪೊರೆಯನ್ನು ಸಂಶಯಿಸಬೇಕು. ಆದರೆ ಅಂಥ ಹೊತ್ತಿನಲ್ಲಿ ಒಬ್ಬನು ಉಂಡೆಯನ್ನು ಹಿಚುಕುತ್ತಲೇ ಕುಳಿತು ದೋಣಿಯನ್ನು ದಡಕ್ಕೆ ತರಬಹುದು. ಇಷ್ಟು ತಿಳಿದವನೊಬ್ಬನು ದೋಣಿಯಲ್ಲಿದ್ದರೆ ಅದು ಪ್ರಾಣ ಉಳಿಸುವ ವಿದ್ಯೆಯೇ ಸರಿ. ಈ ಪರೀಕ್ಷೆಗಳ ವೇಳೆ ಹತ್ತಿರದಲ್ಲಿ ಬೀಡಿಯ ಕಿಡಿಯೂ ಇರಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು, ದೋಣಿಯ ತಳದಲ್ಲಿ ಕಾಣದಂತೆ ನಿಂತಿರುತ್ತದೆ.

ನೆರೆದೋಣಿಯ ಮುಖ್ಯ ವೈರಿ ಇವೆಲ್ಲಕ್ಕಿಂತ ಮೆಲ್ಲನೆಯದು. ಅದು ಕಾಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗುತ್ತದೆ, ಉಳಿದುದು ಅಂಟಾಗುತ್ತದೆ. ಕಾರ್ಬೊರೇಟರಿನ ಸೂಜಿಮೊನೆಯಷ್ಟು ಕಿರಿದಾದ ರಂಧ್ರಗಳನ್ನು ಮುಚ್ಚಲು ಅಷ್ಟೇ ಸಾಕು. ಚೋಕನ್ನು ಎಳೆದಾಗ ಮಾತ್ರ ಓಡುವ ಮೋಟಾರು ಬಹುಮಟ್ಟಿಗೆ ಈ ಬೇನೆಯದು. ಇಂದಿನ ಪೆಟ್ರೋಲಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ದೇಶದಲ್ಲಿ ಅದಕ್ಕೆ ಬೆರೆಸುವ ಎಥನಾಲಿನ ಪ್ರಮಾಣ 2022ರಲ್ಲಿ ನೂರಕ್ಕೆ 10ನ್ನೂ 2025ರಲ್ಲಿ 20ನ್ನೂ ಮುಟ್ಟಿತು. ಎಥನಾಲು ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಅದು ನೀರಿನೊಡನೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಕೊಳವೆ ಇಂಧನವನ್ನು ಸೆಳೆಯುವುದೂ ತಳದಿಂದಲೇ. ಟ್ಯಾಂಕಿನ ಅಡಿಯ ಇಂಧನವನ್ನು ಗಾಜಿನ ಶೀಸೆಯಲ್ಲಿ ತುಂಬಿ ತುಸುಹೊತ್ತು ನಿಲ್ಲಿಸಿದರೆ ಎರಡು ಪದರಗಳು ಕಣ್ಣಿಗೇ ಕಾಣುತ್ತವೆ.

ಹಾಗಾಗಿ ಈ ಬೇನೆಗೆ ಮದ್ದು ನೆರೆಯ ರಾತ್ರಿಯಲ್ಲಿಲ್ಲ, ಅದಕ್ಕೆ ಮುಂಚಿನ ಬೇಸಗೆಯಲ್ಲಿದೆ. ಮೋಟಾರನ್ನು ಎತ್ತಿಡುವ ಮೊದಲು ಕೊಳವೆಯನ್ನು ಕಳಚಿ, ಕಾರ್ಬೊರೇಟರು ಬರಿದಾಗಿ ತಾನಾಗಿಯೇ ನಿಲ್ಲುವವರೆಗೆ ಓಡಿಸಬೇಕು. ಹಳೆಯ ಇಂಧನವನ್ನು ಚೆಲ್ಲದೆ ಸುರಕ್ಷಿತವಾಗಿ ಹೊರತೆಗೆದು, ಬಿರುಕುಬಿಟ್ಟ ಕೊಳವೆಯನ್ನು ಬದಲಿಸಬೇಕು. ತಿಂಗಳಿಗೊಮ್ಮೆ ಹೊಸ ಇಂಧನ ಹಾಕಿ, ಮೋಟಾರಿನ ಕಾಲು ಮುಳುಗುವಷ್ಟು ನೀರು ತುಂಬಿದ ಪೀಪಾಯಿಯಲ್ಲಿ ಕೆಲವು ನಿಮಿಷ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ತಂಪುನೀರನ್ನು ಮೇಲಕ್ಕೆತ್ತುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ.

ಇದರಲ್ಲಿ ಅಸಾಧ್ಯವಾದುದು ಯಾವುದೂ ಇಲ್ಲ. ಹಣಕ್ಕಿಂತ ಹೆಚ್ಚಾಗಿ ಇದು ಬೇಡುವುದು ನೆನಪನ್ನು. ಹೊಸ ದೋಣಿ ಕೊಳ್ಳುವಾಗ ಪೂಜೆ ಮಾಡಿ ಹಾರ ಹಾಕುತ್ತೇವೆ. ಅದರ ಕೊಳವೆಯನ್ನು ತಿಂಗಳಿಗೊಮ್ಮೆ ನೋಡುವವನು ಯಾರೆಂದು ಗೊತ್ತುಮಾಡುವುದಿಲ್ಲ. ಆದರೆ ನಮ್ಮ ರೈತನಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ರೋಹಿಣಿ ಮಳೆ ಬೀಳುವ ಮೊದಲೇ ಅವನು ಕೂರಿಗೆಯ ತಾಳನ್ನು ನೋಡುತ್ತಾನೆ, ಕುಂಟೆಯ ಕುಡವನ್ನು ಬಡಿಸಿಡುತ್ತಾನೆ. ಹದ ಬಂದ ದಿನ ಕಮ್ಮಾರನ ಮನೆಗೆ ಓಡುವವನ ಬಿತ್ತನೆ ತಪ್ಪುತ್ತದೆಂದು ಬಲ್ಲ. ಬಿತ್ತನೆ ತಪ್ಪಿದರೆ ಮರುವರ್ಷವಾದರೂ ಉಂಟು. ಹೊಳೆಯ ನಡುಗಡ್ಡೆಯಲ್ಲಿ ದೀಪ ಹಿಡಿದು ದೋಣಿಯ ಸದ್ದಿಗೆ ಕಿವಿಗೊಟ್ಟು ನಿಂತವರಿಗೆ ಇರುವುದು ಆ ಒಂದು ರಾತ್ರಿ ಮಾತ್ರ.