ಹಳೇ ಬೀಟಲ್‌ಗೆ ಹೊಸ ಪೆಟ್ರೋಲ್ ಪೈಪು

ಈ ಪತ್ರದಲ್ಲಿ ಪ್ರವಾಸ ಕಥನ, ಯುಗಾದಿ ಅಡುಗೆ, ನಾಟಕದ ವರದಿ ಓದಿ ಅಭ್ಯಾಸವಾದವರಿಗೆ "ಇದೇನಪ್ಪಾ, ರಬ್ಬರ್ ಪೈಪಿನ ಪುರಾಣ!" ಅನ್ನಿಸಬಹುದು. ಆದರೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರಿನ ಹುಚ್ಚು ಹತ್ತಿಸಿಕೊಂಡವರು ನಮ್ಮವರಲ್ಲೂ ಇದ್ದೀವಿ. ಅವರೂ, ಆ ಕಾರಿನಲ್ಲಿ ಒಮ್ಮೆಯಾದರೂ ಮಕ್ಕಳನ್ನು ಕೂರಿಸಿದವರೂ ದಯವಿಟ್ಟು ಕೊನೆತನಕ ಓದಿ.

ನನ್ನದು 1971ರ ಫೋಕ್ಸ್‌ವ್ಯಾಗನ್ ಬೀಟಲ್. ಜರ್ಮನಿಯಲ್ಲಿ 1938ರಲ್ಲಿ ಶುರುವಾದ ಈ ಕಾರಿನ ಕೊನೆಯದು 2003ರ ಜುಲೈನಲ್ಲಿ ಮೆಕ್ಸಿಕೋದ ಪ್ಯೂಬ್ಲಾದಲ್ಲಿ ತಯಾರಾಯಿತು. ಅಷ್ಟರಲ್ಲಿ ಒಟ್ಟು 2.15 ಕೋಟಿಗೂ ಹೆಚ್ಚು ಕಾರುಗಳು ರಸ್ತೆಗೆ ಬಂದಿದ್ದವು. ರೇಡಿಯೇಟರ್ ಇಲ್ಲ, ಕಂಪ್ಯೂಟರ್ ಇಲ್ಲ. ದಿನವಿಡೀ ಕೋಡ್ ಬರೆಯುವ ನನ್ನಂಥವನಿಗೆ, ಕಣ್ಣಿಗೆ ಕಾಣುವ, ಕೈಗೆ ಸಿಗುವ ಯಂತ್ರ ಅಂದರೆ ಅದೊಂದು ಸುಖ. ಹೋದ ವರ್ಷ ಕೊಂಡಾಗ ಮಾರಿದವರು "ಪೆಟ್ರೋಲ್ ಲೈನ್ ಎಲ್ಲಾ ಹೊಸದು" ಅಂದಿದ್ದರು. ಎಂಜಿನ್ ಮುಚ್ಚಳ ತೆಗೆದರೆ ಪೈಪುಗಳು ನಿಜಕ್ಕೂ ಹೊಸದಾಗಿಯೇ ಕಾಣುತ್ತಿದ್ದವು.

ಎರಡನೇ ವಾರ ಮನೆಯಾಕೆ ಕಾರು ಹತ್ತುತ್ತಲೇ "ಏನ್ರೀ ಇದು, ಪೆಟ್ರೋಲ್ ಬಂಕ್ ವಾಸನೆ?" ಅಂದಳು. ಹಳೇ ಕಾರು ಅಂದಮೇಲೆ ಸ್ವಲ್ಪ ವಾಸನೆ ಇದ್ದೇ ಇರುತ್ತೆ ಅನ್ನುವವರು ಬಹಳ. ಅದು ತಪ್ಪು ತಿಳಿವಳಿಕೆ. ಸರಿಯಾಗಿರುವ ಕಾರಿನೊಳಗೆ ಪೆಟ್ರೋಲ್ ವಾಸನೆ ಬರಬಾರದು, ಅದು 1971ರದ್ದಾದರೂ ಅಷ್ಟೇ. ಆ ದಿನದಿಂದ ಕಾರು ಮನೆ ಮುಂದೆ ಬಯಲಿನಲ್ಲೇ ನಿಂತಿತು. ಶನಿವಾರ ಜಾಕ್ ಸ್ಟ್ಯಾಂಡ್ ಮೇಲೆ ಏರಿಸಿ ಅಡಿಗೆ ನುಗ್ಗಿದೆ.

ಬೀಟಲ್‌ನ ಎಂಜಿನ್ ಇರುವುದು ಹಿಂದೆ, ಸುಮಾರು 40 ಲೀಟರಿನ ಟ್ಯಾಂಕ್ ಇರುವುದು ಮುಂದೆ. ಪೆಟ್ರೋಲು ಇಡೀ ಕಾರಿನ ಉದ್ದ ಪ್ರಯಾಣ ಮಾಡಬೇಕು. ನಡುವಿನ ಸುರಂಗದೊಳಗೆ ಉಕ್ಕಿನ ಕೊಳವೆ, ಎರಡು ತುದಿಯಲ್ಲೂ ರಬ್ಬರ್. ಟ್ಯಾಂಕಿನಿಂದ ಕೊಳವೆಗೆ ಒಂದು ತುಂಡು, ಹಿಂದೆ ಗೇರ್ ಬಾಕ್ಸ್ ಹತ್ತಿರದಿಂದ ಎಂಜಿನ್ ತಗಡಿನವರೆಗೆ ಇನ್ನೊಂದು, ಅಲ್ಲಿಂದ ಪಂಪಿಗೆ ಮತ್ತೊಂದು, ಪಂಪಿನಿಂದ ಕಾರ್ಬುರೇಟರಿಗೆ ಕೊನೆಯದು. ನಾಲ್ಕೂ ಸೇರಿ ಎರಡು ಮೀಟರ್ ಕೂಡ ಆಗುವುದಿಲ್ಲ. ಮಾರಿದವರು ಬದಲಿಸಿದ್ದು ಮುಚ್ಚಳ ತೆಗೆದಾಗ ಕಾಣುವ ಎರಡು ತುಂಡು ಮಾತ್ರ. ಹಬ್ಬಕ್ಕೆ ಮನೆ ಮುಂದೆ ಮಾತ್ರ ಸಾರಿಸಿ ರಂಗೋಲಿ ಹಾಕಿದ ಹಾಗೆ! ಕಾರಿನಡಿಯ ತುಂಡು ಅದೆಷ್ಟು ಹಳೆಯದೋ. ಜರ್ಮನ್ ಪೈಪಿಗೆ ಹೊರಗಡೆ ಹತ್ತಿಯ ನೂಲಿನ ನೇಯ್ಗೆ ಇರುತ್ತದೆ, ನೋಡಲು ಚೆನ್ನ. ಆದರೆ ಒಳಗಿನ ರಬ್ಬರ್ ಸೀಳಿದ್ದನ್ನು ಆ ನೂಲೇ ಮುಚ್ಚಿಬಿಡುತ್ತದೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಬೆರಳಿನಿಂದ ಬಾಗಿಸಿದ ಕೂಡಲೇ ನೂಲು ಒದ್ದೆಯಾಯಿತು.

ಇದರಲ್ಲಿ ಎಥೆನಾಲ್ ಪಾತ್ರವೂ ಉಂಟು. ಕ್ಯಾಲಿಫೋರ್ನಿಯಾದ ಪೆಟ್ರೋಲಿನಲ್ಲಿ 2003ರ ಕೊನೆಗೆ ಎಂಟಿಬಿಇ ನಿಂತು, ಅದರ ಜಾಗಕ್ಕೆ ಎಥೆನಾಲ್ ಬಂತು. 2010ರಿಂದ ಅದು ಶೇ. 10ರಷ್ಟು. ಹಳೇ ಕಾಲದ ರಬ್ಬರ್ ಅದಕ್ಕೆ ಉಬ್ಬುತ್ತದೆ, ರಬ್ಬರನ್ನು ಮೆದುವಾಗಿಡುವ ಅಂಶ ಸೋರಿಹೋಗುತ್ತದೆ. ಕಾರು ತಿಂಗಳುಗಟ್ಟಲೆ ನಿಂತು ಒಣಗಿದಾಗ ರಬ್ಬರ್ ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಹಳೇ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ ತಾನೆ?

ಇನ್ನು ಅಪಾಯದ ಲೆಕ್ಕ. ಬೀಟಲ್‌ನಲ್ಲಿ ಪೆಟ್ರೋಲ್ ಪಂಪಿನ ಪಕ್ಕದಲ್ಲೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಎಂಜಿನ್ ಕೇಸು ಮೆಗ್ನೀಶಿಯಂ ಮಿಶ್ರಲೋಹದ್ದು. ಅದು ಹೊತ್ತಿಕೊಂಡರೆ ನೀರು ಸುರಿದಷ್ಟೂ ಜೋರಾಗಿ ಉರಿಯುತ್ತದೆ. ಅದರ ಮುಂದೆ ಒಂದು ತಗಡು, ತಗಡಿನ ಮುಂದೆ ಹಿಂದಿನ ಸೀಟು. ಅಲ್ಲಿ ಕೂರುವುದು ನನ್ನ ಮಗಳು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ಸ್ಮಾಗ್ ಚೆಕ್ ಕೂಡ ಇಲ್ಲ. ಅಂದರೆ, ಎರಡು ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವವರೂ ಇಲ್ಲ. ನೋಡಬೇಕಾದವರು ನಾವೇ.

ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ "ಇಂಜಿನಿಯರಿಂಗ್ ಓದಿಸಿದ್ದು ಕಾರಿನಡಿ ಮಲಗೋಕಾ?" ಅಂದರು. ಅಪ್ಪಾ, ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ದಿನಗಟ್ಟಲೆ ಅರ ಹಾಕಿ ಕಬ್ಬಿಣ ಉಜ್ಜಿದ್ದು ಈಗಲಾದರೂ ಕೆಲಸಕ್ಕೆ ಬಂತಲ್ಲ!

ಕೆಲಸಕ್ಕೆ ಮೊದಲು ಸಾಮಾನು. ಪೈಪಿನ ಮೈಮೇಲೆ "ಎಸ್‌ಎಇ ಜೆ30 ಆರ್9" ಎಂದು ಅಚ್ಚಾಗಿರಬೇಕು. ಇದರ ಒಳಪದರ ಎಥೆನಾಲಿಗೆ ಜಗ್ಗುವುದಿಲ್ಲ. ಅಳತೆಯೂ ಮುಖ್ಯ. ಕಾರಿನ ಕೊಳವೆ 6 ಮಿ.ಮೀ. ಇಲ್ಲಿನ ಅಂಗಡಿಯ ಕಾಲಿಂಚು ಪೈಪಿನ ಒಳವ್ಯಾಸ 6.35 ಮಿ.ಮೀ., ಅಂದರೆ ಸಡಿಲ. ನಾನು 5.5 ಮಿ.ಮೀ. ಪೈಪನ್ನೇ ತರಿಸಿದೆ. ಕ್ಲಾಂಪುಗಳಲ್ಲಿ ಪಟ್ಟಿ ನುಣುಪಾಗಿರುವ, ಚಿಕ್ಕ ಬೋಲ್ಟು ನಟ್ಟಿನವು ಒಳ್ಳೆಯವು. ಪಟ್ಟಿಯಲ್ಲಿ ತೂತುಗಳಿರುವ ಮಾಮೂಲಿ ಕ್ಲಾಂಪು ಬಿಗಿದಷ್ಟೂ ರಬ್ಬರನ್ನು ಕೊಯ್ಯುತ್ತದೆ. ಎಲ್ಲಾ ಸೇರಿ ನನಗೆ ಬಿದ್ದದ್ದು 60 ಡಾಲರಿಗಿಂತ ಕಡಿಮೆ.

ಎರಡನೆಯದು ಜಾಗ. ದಯವಿಟ್ಟು ಗ್ಯಾರೇಜಿನೊಳಗೆ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ನೀರಿನಂತೆ ಹರಡುತ್ತದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಇರುವುದೇ ಗ್ಯಾರೇಜಿನ ಮೂಲೆಯಲ್ಲಿ, ಅದರೊಳಗೆ ಸದಾ ಉರಿಯುವ ಪುಟ್ಟ ಜ್ವಾಲೆ. ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಿ. ಹಿಂದಿನ ಸೀಟಿನಡಿ ಇರುವ ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ. ಪೆಟ್ರೋಲ್ ಬೆಂಕಿಗೆ ಆಗುವ ಪೌಡರ್ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಮಕ್ಕಳು ಒಳಗಿರಲಿ.

ಇನ್ನು ಕೆಲಸ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಇರುವಾಗ ಶುರು ಮಾಡಿ. ಟ್ಯಾಂಕ್ ಎತ್ತರದಲ್ಲಿರುವುದರಿಂದ ಹಿಂದಿನ ಪೈಪು ಬಿಚ್ಚಿದರೆ ಎಂಜಿನ್ ನಿಂತಿದ್ದರೂ ಪೆಟ್ರೋಲು ತಾನಾಗಿ ಸುರಿಯುತ್ತಲೇ ಇರುತ್ತದೆ. ಹಾಗಾಗಿ ಮೊದಲು ಟ್ಯಾಂಕಿನಡಿಯ ಪೈಪನ್ನು ಹಿಚುಕಿ ಹಿಡಿದು, ಉಳಿದದ್ದನ್ನು ಪೆಟ್ರೋಲ್ ಕ್ಯಾನಿಗೆ ಇಳಿಸಿದೆ. ಹಳೇ ತುಂಡುಗಳನ್ನು ಎಳೆದಾಡಿದರೆ ಕೊಳವೆ ಬಾಗುತ್ತದೆ. ಉದ್ದಕ್ಕೆ ಸೀಳಿ ಸುಲಿಯುವುದೇ ಸುಲಭ. ಉಕ್ಕಿನ ಕೊಳವೆಯ ತುದಿಗಳ ತುಕ್ಕು ಉಜ್ಜಿ ನೋಡಿದೆ, ಗಟ್ಟಿಯಾಗಿತ್ತು. ಅದೇ ತೂತಾಗಿದ್ದರೆ ಹೊಸ ರಬ್ಬರ್ ಹಾಕಿ ಪ್ರಯೋಜನವಿಲ್ಲ.

ಎರಡು ಕಡೆ ವಿಶೇಷ ಗಮನ ಬೇಕು. ಒಂದು, ಪೈಪು ಎಂಜಿನ್ ತಗಡನ್ನು ದಾಟುವ ತೂತು. ಅಲ್ಲಿ ರಬ್ಬರ್ ಬಳೆ ಇಲ್ಲದಿದ್ದರೆ ತಗಡಿನ ಅಂಚು ಪೈಪನ್ನು ಗರಗಸದಂತೆ ಉಜ್ಜುತ್ತದೆ. ಎರಡು, ಕಾರ್ಬುರೇಟರಿಗೆ ಪೆಟ್ರೋಲ್ ಹೋಗುವ ಹಿತ್ತಾಳೆ ನಳಿಗೆ. ಅದನ್ನು ಒತ್ತಿ ಕೂರಿಸಿರುತ್ತಾರೆ ಅಷ್ಟೇ. ವರ್ಷಗಳ ಅದುರಾಟಕ್ಕೆ ಸಡಿಲವಾಗಿ ಕಳಚಿ ಬೀಳಬಹುದು. ಬೆರಳಿನಲ್ಲಿ ತಿರುಗಿಸಿದರೆ ತಿರುಗಿತೋ, ಕಾರು ಓಡಿಸಬೇಡಿ, ಮೊದಲು ಅದನ್ನು ಸರಿಮಾಡಿಸಿ. ಇದೇ ಕಾರಣಕ್ಕೆ ಪಂಪು ಮತ್ತು ಕಾರ್ಬುರೇಟರ್ ನಡುವೆ ಫಿಲ್ಟರ್ ತೂಗುಬಿಡಬಾರದು. ನನ್ನ ಕಾರಿನಲ್ಲಿ ಅಲ್ಲೊಂದು ಹೊಳೆಯುವ ಗಾಜಿನ ಫಿಲ್ಟರ್ ನೇತಾಡುತ್ತಿತ್ತು. ತೆಗೆದುಹಾಕಿ, ಹೊಸದನ್ನು ಮುಂದೆ ಟ್ಯಾಂಕಿನಡಿಗೆ ಹಾಕಿದೆ. ಟ್ಯಾಂಕಿನ ಬಾಯಿಯ ದಪ್ಪ ಪೈಪು, ಆವಿ ಹೋಗುವ ಸಣ್ಣ ಪೈಪು, ಇವನ್ನೂ ಬದಲಿಸಿದೆ. ಕಾರಿನೊಳಗಿನ ವಾಸನೆಗೆ ಎಷ್ಟೋ ಸಲ ಇವೂ ಕಾರಣ.

ಎಲ್ಲಾ ಬಿಗಿದ ಮೇಲೆ ಪ್ರತಿ ಜೋಡಣೆಯ ಕೆಳಗೂ ಪೇಪರ್ ಟವೆಲ್ ಹಾಸಿ ಎಂಜಿನ್ ಶುರು ಮಾಡಿದೆ. ಹತ್ತು ನಿಮಿಷ ಬಿಟ್ಟು ನೋಡಿದೆ, ಒಣಗಿತ್ತು. ಎಂಜಿನ್ ಬಿಸಿಯಾದ ಮೇಲೆ, ಮರುದಿನ ಬೆಳಿಗ್ಗೆ, ಒಂದು ವಾರದ ನಂತರ ಮತ್ತೆ ನೋಡಿದೆ. ಒಂದು ಕ್ಲಾಂಪಿಗೆ ಅರ್ಧ ಸುತ್ತು ಬೇಕಾಯಿತು. ಹಾಕಿದ ತಿಂಗಳು, ವರ್ಷವನ್ನು ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ. ಐದು ವರ್ಷಕ್ಕೆ, ಚೆನ್ನಾಗಿ ಕಂಡರೂ ಸರಿ, ಬದಲಾವಣೆ. ತೆಗೆದ ಪೆಟ್ರೋಲು ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಹೋಯಿತು. ಚರಂಡಿಗೆ ಖಂಡಿತ ಸುರಿಯಬೇಡಿ.

ಊರಿನಲ್ಲಿ ಅಪ್ಪನ ಹಳೇ ಫಿಯೆಟ್, ಅಂಬಾಸಿಡರ್, ಸ್ಕೂಟರ್ ಉಳಿಸಿಕೊಂಡವರಿಗೂ ಒಂದು ಮಾತು. ಭಾರತದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನ ಎಥೆನಾಲ್ ಶೇ. 20 ಮುಟ್ಟಿದೆ. ಇಲ್ಲಿ ಅದು ಮುಖ್ಯವಾಗಿ ಮೆಕ್ಕೆಜೋಳದ್ದು, ಅಲ್ಲಿ ಕಬ್ಬಿನದೂ ಸೇರುತ್ತದೆ, ರಬ್ಬರಿಗೆ ಎರಡೂ ಒಂದೇ. ಮುಂದಿನ ಸಲ ಊರಿಗೆ ಹೋದಾಗ ಗಾಡಿಯ ಪೆಟ್ರೋಲ್ ಪೈಪನ್ನು ನಿಮ್ಮ ಮೆಕ್ಯಾನಿಕ್ ಹತ್ತಿರ ಕೂತು ತೋರಿಸಿಕೊಳ್ಳಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುವ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ನಿಮ್ಮಲ್ಲಿ ಯಾರ ಬಳಿಯಾದರೂ ಹಳೇ ಕಾರಿದ್ದು, ಅಡಿಗೆ ನುಗ್ಗಲು ಜೊತೆ ಬೇಕಿದ್ದರೆ ಮುಂದಿನ ಕಾರ್ಯಕ್ರಮದಲ್ಲಿ ಸಿಕ್ಕಾಗ ಹೇಳಿ. ಶನಿವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಬರುತ್ತೇನೆ. ಫಿಲ್ಟರ್ ಕಾಫಿ ಮಾತ್ರ ನಿಮ್ಮದು!